ತೊಟ್ಟಿ ಒಡೆದರೆ ಯಾರ ಹೊಣೆ? ವಿಮಾ ಏಜೆಂಟ್ ಬಂಧುಗಳಿಗೊಂದು ಬಹಿರಂಗ ಪತ್ರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮನೆಮನೆಗೆ ಬಂದು ವಿಮೆ ಮಾಡಿಸುವ ಏಜೆಂಟರಿಗೆ; ಬ್ಯಾಂಕಿನ ಕೌಂಟರಿನಲ್ಲಿ ಗೃಹಸಾಲದ ಕಾಗದಗಳ ನಡುವೆ ಪಾಲಿಸಿಯ ಅರ್ಜಿಗೂ ಸಹಿ ಹಾಕಿಸಿಕೊಳ್ಳುವ ಸಿಬ್ಬಂದಿಗೆ; ಇವರೆಲ್ಲರ ಕೆಲಸ ನೋಡಿಕೊಳ್ಳುವ ಡೆವಲಪ್‌ಮೆಂಟ್ ಆಫೀಸರರಿಗೆ,

ಮಾನ್ಯರೇ,

ನಿಮ್ಮಲ್ಲಿ ಹಲವರು ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಕೂತವರು. ಈಗಲೂ ದಾರಿಯಲ್ಲಿ ಸಿಕ್ಕರೆ ಬೈಕ್ ನಿಲ್ಲಿಸಿ ‘ಆರಾಮಾ ಮೇಷ್ಟ್ರೇ’ ಎಂದು ಕೇಳುತ್ತೀರಿ. ಆ ಸಲುಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ಮನೆಯ ಹಾಲಿನಲ್ಲಿ ಇಟ್ಟುಕೊಳ್ಳುವ ಮೀನಿನ ತೊಟ್ಟಿ, ಅದರೊಳಗಿನ ಮೀನು, ನೀವು ಮಾರುವ ಮನೆ ವಿಮೆ, ಈ ಮೂರರ ಸಂಬಂಧ ಏನು ಎಂಬುದೇ ವಿಷಯ. ನಗುವುದಾದರೆ ನಕ್ಕುಬಿಡಿ, ಆಮೇಲೆ ಪೂರ್ತಿ ಓದಿ.

ನಮ್ಮ ಕಡೆಯ ಜನರಿಗೆ ವಿಮೆ ಹೊಸದಲ್ಲ. ಹಸುವಿನ ಕಿವಿಗೆ ಓಲೆ ಹಾಕಿಸಿಕೊಂಡವರು ನಾವು. ಮೆಕ್ಕೆಜೋಳಕ್ಕೆ ಬೆಳೆ ವಿಮೆ ಕಟ್ಟಿದವರು. ಚನ್ನಗಿರಿಯ ಅಡಿಕೆ ಬೆಳೆಗಾರರಿಗಂತೂ ಹವಾಮಾನ ಆಧಾರಿತ ವಿಮೆಯ ಲೆಕ್ಕ ಬಾಯಿಪಾಠ: ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲಿನ ಕಂತು 6,400. ಆ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಗೊನೆ ಎಣಿಸುವುದಿಲ್ಲ. ಮಳೆಮಾಪಕದ ಅಂಕಿ ನೋಡಿ ದುಡ್ಡು ಖಾತೆಗೆ ಬೀಳುತ್ತದೆ, ಇಲ್ಲವೇ ಬೀಳುವುದಿಲ್ಲ. ಜನ ವಿಮೆ ಎಂದರೆ ಹೀಗೇ ಎಂದುಕೊಂಡಿದ್ದಾರೆ. ಮನೆ ವಿಮೆಯ ನಡೆ ಬೇರೆ. ಅಲ್ಲಿ ಏನು ಹಾಳಾಯಿತು, ಯಾವುದರಿಂದ ಹಾಳಾಯಿತು, ಅದರ ಬೆಲೆ ಎಷ್ಟು, ರಸೀದಿ ಎಲ್ಲಿ ಎಂದು ಒಂದೊಂದಕ್ಕೂ ಉತ್ತರ ಕೊಡಬೇಕು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾದವರು ನೀವು. ನೀವು ಹೇಳುವುದೋ, ‘ಯೋಚ್ನೆ ಬಿಡಿ ಸಾರ್, ಮನೇಲಿರೋದೆಲ್ಲ ಕವರ್ ಆಗುತ್ತೆ’ ಎಂದು.

ಆ ಮಾತು ನಿಜವಲ್ಲ. ಎಲ್ಲಿ ಹೇಗೆ ನಿಜವಲ್ಲ ಎನ್ನುವುದು ಬೇರೆ ಯಾವ ಸಾಮಾನಿಗಿಂತ ಮೀನಿನ ತೊಟ್ಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅದನ್ನು ಆರಿಸಿಕೊಂಡೆ.

ತೊಟ್ಟಿಗಳು ಈಗ ಎಲ್ಲೆಲ್ಲಿ ಇವೆ ಎಂದು ನಿಮಗೇ ಗೊತ್ತು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ಮೇಲೆ ಚನ್ನಗಿರಿ ಸುತ್ತ ಎದ್ದ ಆರ್‌ಸಿಸಿ ಮನೆಗಳಲ್ಲಿ ಶೋಕೇಸಿನ ಪಕ್ಕಕ್ಕೆ ಅದೊಂದು ಇರಲೇಬೇಕು. ಜಗಳೂರಿನಲ್ಲಿ ಹಲ್ಲಿನ ಡಾಕ್ಟರ ಬಳಿ ಕಾಯುತ್ತ ಕೂತಾಗ ಎದುರಿಗೆ ಕೆಂಪು ಮೀನು ತಿರುಗುತ್ತಿರುತ್ತದೆ. ನ್ಯಾಮತಿಯಲ್ಲಿ ವಾಸ್ತು ಎಂದು ಅರೋವಾನ ಮೀನು ತಂದಿಟ್ಟುಕೊಂಡವರಿದ್ದಾರೆ. ಮಕ್ಕಳು ಹಟ ಮಾಡಿದ್ದಕ್ಕೆ ಎರಡು ಗೋಲ್ಡ್‌ಫಿಶ್ ತಂದು, ಆಮೇಲೆ ಅಪ್ಪನೇ ಅದಕ್ಕೆ ಮರುಳಾಗಿ ಫ್ಲವರ್‌ಹಾರ್ನ್‌ವರೆಗೆ ಹೋದ ಮನೆ ಹೊನ್ನಾಳಿಯಲ್ಲೇ ಇದೆ. ಆ ಅಪ್ಪ ನಾನೇ ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ನೋಡುವವರಿಗೆ ಅದು ಅಲಂಕಾರ. ತೂಕ ಹಾಕಿ ನೋಡಿ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 255 ಲೀಟರ್. ಅಂದರೆ ನೀರಿನ ತೂಕವೇ ಎರಡೂವರೆ ಕ್ವಿಂಟಾಲ್. ಗಾಜು, ಜಲ್ಲಿ, ಕಬ್ಬಿಣದ ಸ್ಟ್ಯಾಂಡು ಬೇರೆ. ಇಷ್ಟನ್ನೂ ಹಿಡಿದು ನಿಲ್ಲಿಸಿರುವುದು ಗಾಜಿನ ಅಂಚುಗಳ ನಡುವಿನ ಬೆರಳಗಲಕ್ಕೂ ಕಡಿಮೆ ಸಿಲಿಕಾನ್ ಅಂಟು. ಅದಕ್ಕೆ ವಯಸ್ಸಾಗುತ್ತದೆ. ಪರಿಣತರು ಕಟ್ಟಿದ್ದೂ ಒಡೆಯುತ್ತದೆ. 2022ರ ಡಿಸೆಂಬರ್ 16ರ ಬೆಳಗಿನ ಜಾವ ಬರ್ಲಿನ್‌ನ ಹೋಟೆಲೊಂದರ ಲಾಬಿಯಲ್ಲಿದ್ದ ‘ಅಕ್ವಾಡೋಮ್’ ಎಂಬ ಹತ್ತು ಲಕ್ಷ ಲೀಟರಿನ ತೊಟ್ಟಿ ಏಕಾಏಕಿ ಸಿಡಿದು, ಒಳಗಿದ್ದ ಸುಮಾರು 1,500 ಮೀನುಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. ಆಮೇಲೆ ತನಿಖೆ ಮಾಡಿದವರಿಗೂ ಇಂಥದ್ದೇ ಕಾರಣ ಎಂದು ಖಚಿತವಾಗಿ ಹೇಳಲಾಗಲಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಪಾಲಿಸಿಗೆ ಬರುತ್ತೇನೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿತು. ಒಳ್ಳೆಯ ಪಾಲಿಸಿ, ಅದರಲ್ಲಿ ಎರಡು ಮಾತಿಲ್ಲ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಗುಡ್ಡ ಕುಸಿತ, ಗಲಭೆ, ನೀರಿನ ಟ್ಯಾಂಕು ಮತ್ತು ಪೈಪು ಒಡೆದು ಹರಿಯುವುದು ಎಲ್ಲ ಅದರಲ್ಲಿ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಒಳಗಿನ ಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಸಾಲಕ್ಕೆಂದು ಪಾಲಿಸಿ ಮಾಡಿಸಿದ ಎಷ್ಟೋ ಮನೆಯವರಿಗೆ ಈ ಶೇ 20ರ ಸಂಗತಿಯೇ ತಿಳಿದಿಲ್ಲ. ಕಾಗದ ಬ್ಯಾಂಕಿನ ಫೈಲಿನಲ್ಲೇ ಉಳಿದಿರುತ್ತದೆ.

ಈ ಪಾಲಿಸಿಯ ಲೆಕ್ಕದಲ್ಲಿ ಮೀನಿನ ತೊಟ್ಟಿ ಎಲ್ಲಿ ಬರುತ್ತದೆ? ಗಾಜಿನ ತೊಟ್ಟಿ, ಸ್ಟ್ಯಾಂಡು, ಫಿಲ್ಟರು, ದೀಪ ಇವು ಮನೆಬಳಕೆಯ ಸಾಮಾನು. ಸೋಫಾ, ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಸಾಲಿಗೆ ಸೇರುತ್ತವೆ. ಮೀನು ಸೇರುವುದಿಲ್ಲ. ಪಾಲಿಸಿ ‘ಸಾಮಾನು’ ಎಂದಾಗ ಹೇಳುತ್ತಿರುವುದು ವಸ್ತುಗಳ ಬಗ್ಗೆ, ಜೀವದ ಬಗ್ಗೆ ಅಲ್ಲ. ಅಮೆರಿಕದಲ್ಲಿ ಇದನ್ನು ಇನ್ನೂ ನೇರವಾಗಿ ಬರೆದುಬಿಟ್ಟಿದ್ದಾರೆ. ಅಲ್ಲಿಗೆ ಹೋಗಿ ನೆಲೆಸಿದ ನಮ್ಮೂರ ಹುಡುಗನೊಬ್ಬ ತನ್ನ ಮನೆಯ ಪಾಲಿಸಿ ಕಳಿಸಿದ್ದ. ಅಲ್ಲಿನ ಮನೆ ವಿಮೆಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾದರಿ ಅದು. ರಕ್ಷಣೆ ಇಲ್ಲದ ಸ್ವತ್ತುಗಳ ಪಟ್ಟಿಯಲ್ಲಿ ಪ್ರಾಣಿ, ಪಕ್ಷಿ, ಮೀನು ಎಂದು ಮೂರನ್ನೂ ಹೆಸರು ಹಿಡಿದು ಹೇಳಿದೆ. ಓದಿದವನಿಗೆ ಬೇಸರವಾಗಬಹುದು, ಗೊಂದಲವಂತೂ ಆಗುವುದಿಲ್ಲ.

ಮೀನು ಹೋಗಲಿ, ತೊಟ್ಟಿಗಾದರೂ ದುಡ್ಡು ಬಂದೀತೇ ಎಂದರೆ ಅದೂ ಕಾರಣದ ಮೇಲೆ ನಿಂತಿದೆ. ಮನೆಗೆ ಬೆಂಕಿ ಬಿದ್ದು ಗಾಜು ಸಿಡಿದರೆ ಬರುತ್ತದೆ. ನೆರೆ ನೀರು ನುಗ್ಗಿ ಹೊತ್ತೊಯ್ದರೆ ಬರುತ್ತದೆ. ಹಳೆಯ ಅಂಟು ಬಿಟ್ಟುಕೊಂಡು ತಾನಾಗಿ ಒಡೆದರೆ ಸವಕಳಿ ಎಂದು ಬರೆದು ಪಕ್ಕಕ್ಕಿಡುತ್ತಾರೆ. ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡು ನೀರು ಕಾದು ಮೀನು ಬೆಂದುಹೋದರೆ? ವಿದ್ಯುತ್ ಉಪಕರಣ ತಾನೇ ಕಾದು, ಶಾರ್ಟ್ ಆಗಿ ಕೆಟ್ಟರೆ ಆ ಉಪಕರಣಕ್ಕೆ ಪರಿಹಾರವಿಲ್ಲ ಎಂದು ಪಾಲಿಸಿಯಲ್ಲೇ ಇದೆ. ಬೇಸಿಗೆಯಲ್ಲಿ ರಾತ್ರಿಯೆಲ್ಲ ಕರೆಂಟ್ ಹೋಗಿ ಏರ್ ಪಂಪ್ ನಿಂತು, ಬೆಳಗಾಗುವಷ್ಟರಲ್ಲಿ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದರೆ ಯಾವ ಕಂಪನಿಯೂ ಫಾರಂ ಸಹ ಕೊಡುವುದಿಲ್ಲ. ಜಗಳೂರಿನಲ್ಲಿ ಮೀನು ಸಾಯುವುದು ಬಹುಪಾಲು ಹೀಗೆ. ಪಂಪು ನಿಂತರೆ ನೀರಿನಲ್ಲಿ ಗಾಳಿ ಕಡಿಮೆಯಾಗುತ್ತದೆ, ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿಕೊಂಡ ಒಳ್ಳೆಯ ಬ್ಯಾಕ್ಟೀರಿಯಾಗಳೂ ಉಸಿರುಕಟ್ಟಿ ಸಾಯುತ್ತವೆ, ಮೀನಿನ ಹೇಲು ಉಚ್ಚೆಯ ಅಮೋನಿಯಾ ಏರುತ್ತದೆ. ಇದಕ್ಕೆ ಸರಿಯಾದ ವಿಮೆ ಎಂದರೆ ಬ್ಯಾಟರಿಯಲ್ಲಿ ಓಡುವ ಒಂದು ಪುಟ್ಟ ಏರ್ ಪಂಪ್. ಕೆಲವು ನೂರು ರೂಪಾಯಿಗೆ ಬರುತ್ತದೆ. ಅದನ್ನು ಕೊಳ್ಳಿ ಎಂದು ಒಬ್ಬ ಏಜೆಂಟ್ ಹೇಳಿದ್ದರೆ ನಾನು ಅವರನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಏಜೆಂಟರ ಹೆಸರೂ ಬೇಡ.

ನನ್ನ ಅಕ್ಕನ ಮಗಳು ಚನ್ನಗಿರಿಯಲ್ಲಿ ಮಹಡಿ ಮನೆಯಲ್ಲಿದ್ದಾಳೆ. ಕೆಳಗಿನ ಅಂಕಣ ಬೇರೆಯವರದು, ಅಡಿಕೆ ಚೀಲ ಇಡುವ ಗೋದಾಮು. ಒಂದು ರಾತ್ರಿ ಅವಳ ಹಾಲಿನಲ್ಲಿದ್ದ ನಾಲ್ಕಡಿ ತೊಟ್ಟಿಯ ತಳದ ಅಂಟು ಬಿಟ್ಟಿತು. ಶಬ್ದವೇನೂ ಇಲ್ಲವಂತೆ. ನೀರು ಕುಡಿಯಲು ಎದ್ದವಳ ಕಾಲಿಗೆ ತಣ್ಣಗೆ ತಾಕಿದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ನುಣುಪು ಟೈಲ್ಸಿನ ಮೇಲೆ ಹರಿದ ನೀರು ಟಿವಿ ಸ್ಟ್ಯಾಂಡಿನ ಕೆಳಗಿದ್ದ ಸ್ಪೈಕ್ ಬಸ್ಟರಿಗೆ ಹೋಗಿ, ಇನ್ವರ್ಟರಿನ ಕಾಲು ಮುಟ್ಟಿ, ಮೂಲೆಯ ಪೈಪಿನ ಸಂದಿನಿಂದ ಕೆಳಗೆ ತೊಟ್ಟಿಕ್ಕುತ್ತಿತ್ತು. ಅವಳು ಮೇನ್ ಸ್ವಿಚ್ ಆರಿಸಿ, ಮೊಬೈಲ್ ಬೆಳಕಿನಲ್ಲಿ ಸೋಫಾದಡಿ ಒದ್ದಾಡುತ್ತಿದ್ದ ಮೀನುಗಳನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದಳು. ಬಕೆಟ್ಟಿನ ನೀರು ನಲ್ಲಿಯದು, ಕ್ಲೋರಿನ್ ಹಾಕಿದ್ದು. ಬೆಳಿಗ್ಗೆ ಹೊತ್ತಿಗೆ ಅವೂ ಹೋದವು.

ಸರ್ವೇಯರ್ ಬಂದ ದಿನ ನಾನೂ ಅಲ್ಲಿದ್ದೆ. ಒಳ್ಳೆಯ ಮನುಷ್ಯ, ಮರ್ಯಾದೆಯಿಂದಲೇ ಮಾತಾಡಿದರು. ‘ತೊಟ್ಟಿ ಎಷ್ಟು ವರ್ಷದ್ದು ಮೇಡಂ? ಬಿಲ್ ಇದೆಯಾ? ಒಡೆಯೋಕೆ ಏನಾದರೂ ತಾಕಿತಾ?’ ಎಂದು ಕೇಳಿದರು. ತಾಕಿಲ್ಲ, ಬಿಲ್ ಇಲ್ಲ. ಅವಳು ಮೀನಿನ ವಿಷಯ ಎತ್ತಿದಾಗ ಪೆನ್ನು ಕೆಳಗಿಟ್ಟು, ‘ಇದನ್ನ ಯಾವ ಕಾಲಂನಲ್ಲಿ ಬರೀಲಿ ಹೇಳಿ’ ಎಂದರು. ಅದರಲ್ಲಿ ಕುಹಕವಿರಲಿಲ್ಲ, ಅವರ ಫಾರಂನಲ್ಲಿ ನಿಜಕ್ಕೂ ಅಂಥ ಕಾಲಂ ಇರಲಿಲ್ಲ. ‘ಎಲ್ಲ ಬರುತ್ತೆ ಅಂದಿದ್ರಲ್ಲ ಮಾವ, ಏಜೆಂಟ್ರು?’ ಎಂದು ಅವಳು ನನ್ನ ಮುಖ ನೋಡಿದಳು. ನಾನು ಸರ್ವೇಯರ್ ಮುಖ ನೋಡಿದೆ. ಅವರು ಗೋಡೆ ನೋಡಿದರು.

ಕೊನೆಗೆ ಬಂದದ್ದು ಟಿವಿಗೆ ಮತ್ತು ಉಬ್ಬಿಹೋದ ಮರದ ಸ್ಟ್ಯಾಂಡಿಗೆ ಅಷ್ಟೇ. ತೊಟ್ಟಿಗೆ ಇಲ್ಲ, ಮೀನಿಗೆ ಇಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಕೆಳಗೆ. ಗೋದಾಮಿನವರ ಐದಾರು ಚೀಲ ಅಡಿಕೆ ನೆನೆದಿತ್ತು. ನೆನೆದ ಅಡಿಕೆಗೆ ಬೂಸ್ಟು ಬಂದರೆ ಅಡಿಕೆ ಮಾರಾಟದ ಸಹಕಾರ ಸಂಘ ತುಮ್ಕೋಸ್‌ನಲ್ಲಿ ಎಂಥ ದರ ಸಿಕ್ಕೀತು ಎಂದು ನಿಮಗೆ ನಾನು ಹೇಳಬೇಕಿಲ್ಲ. ಆ ನಷ್ಟ ತುಂಬಿಕೊಟ್ಟದ್ದು ಅಕ್ಕನ ಮಗಳ ಕೈಯಿಂದ. ಬೇರೆಯವರಿಗಾದ ಹಾನಿಗೆ ನಾವು ಕೊಡಬೇಕಾದ ಪರಿಹಾರ ಗೃಹ ರಕ್ಷಾ ಪಾಲಿಸಿಯೊಳಗೆ ಬರುವುದಿಲ್ಲ. ಅದಕ್ಕೆ ಬೇರೆ ಹೊಣೆಗಾರಿಕೆ ವಿಮೆ ಬೇಕು. ಮಹಡಿ ಮನೆಯಲ್ಲಿ ಇನ್ನೂರು ಮುನ್ನೂರು ಲೀಟರಿನ ತೊಟ್ಟಿ ಇಟ್ಟವರಿಗೆ ಇದನ್ನು ಹೇಳದೆ ಪಾಲಿಸಿ ಮಾಡಿಸುವುದು ಸರಿಯೇ?

ಬ್ರಿಟನ್ನಿನ ಹಲವು ಮನೆ ವಿಮೆಗಳಲ್ಲಿ ನೀರು ಸೋರಿ ಆಗುವ ಹಾನಿಯ ಕಲಮಿನಲ್ಲಿ ವಾಷಿಂಗ್ ಮೆಷಿನ್, ಪೈಪುಗಳ ಜೊತೆಗೆ ಮೀನಿನ ತೊಟ್ಟಿಯನ್ನೂ ಹೆಸರಿಸಿರುತ್ತಾರೆ. ಅಲ್ಲಿಯೂ ಮೀನಿಗೆ ದುಡ್ಡು ಸಿಗುವುದು ಅಪರೂಪ, ನೀರಿನಿಂದಾದ ಹಾನಿಗೆ ತಕರಾರಿಲ್ಲ. ನಮ್ಮಲ್ಲಿ ‘ನೀರಿನ ಟ್ಯಾಂಕು’ ಎಂದರೆ ತಾರಸಿ ಮೇಲಿನದೋ, ಹಾಲಿನಲ್ಲಿರುವ ಗಾಜಿನದೂ ಸೇರುತ್ತದೋ ಎಂದು ಪ್ರತಿ ಸಲ ವಾದ ಮಾಡಿಯೇ ಗಿಟ್ಟಿಸಬೇಕು.

ಕಂಪನಿಗಳದ್ದೇ ತಪ್ಪು ಎಂದು ನಾನು ಹೇಳಲಾರೆ. ಹಸುವಿಗೆ ಓಲೆ ಹಾಕಬಹುದು, ಫ್ಲವರ್‌ಹಾರ್ನ್‌ಗೆ ಎಲ್ಲಿ ಹಾಕುತ್ತೀರಿ? ಸತ್ತದ್ದು ಪಾಲಿಸಿಯಲ್ಲಿ ಬರೆದ ಮೀನೋ ನಿನ್ನೆ ದಾವಣಗೆರೆಯಿಂದ ತಂದದ್ದೋ ಯಾರು ಹೇಳಬೇಕು? ಮಕ್ಕಳು ಬಿಸ್ಕತ್ತು ಹಾಕಿ ಸಾಯಿಸಿದ್ದೋ, ರೋಗ ಬಂದದ್ದೋ, ಒಂದೇ ಸಲ ಪೂರ್ತಿ ನೀರು ಬದಲಿಸಿದ್ದೋ? ಇಂಥ ಅನಿಶ್ಚಯಕ್ಕೆ ಬೆಲೆ ಕಟ್ಟುವುದು ಕಷ್ಟ. ಕೊಡಲಾಗದ್ದನ್ನು ಕೊಡದಿರುವುದು ಅಪರಾಧವಲ್ಲ. ಕೊಡುತ್ತೇವೆ ಎಂಬ ಭಾವನೆ ಹುಟ್ಟಿಸಿ ಕಂತು ತೆಗೆದುಕೊಳ್ಳುವುದಕ್ಕೆ ನನ್ನ ತಕರಾರು.

ಮೀನು ಚಿಕ್ಕ ವಿಷಯ ಎನ್ನುವವರಿಗೆ ಕಳ್ಳತನದ ಉದಾಹರಣೆ ಕೊಡುತ್ತೇನೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಬ್ಯಾಂಕ್ ಶಾಖೆಯೊಂದರಿಂದ ಗ್ರಾಹಕರು ಅಡವಿಟ್ಟಿದ್ದ ಹದಿನೇಳು ಕಿಲೋಗೂ ಮೀರಿದ ಚಿನ್ನ ಕಳುವಾಯಿತು. ಅದು ತಮಿಳುನಾಡಿನ ಬಾವಿಯೊಂದರಲ್ಲಿ ಪತ್ತೆಯಾಗುವ ಹೊತ್ತಿಗೆ ಮುಂದಿನ ವರ್ಷ ಬಂದಿತ್ತು. ಆ ತಿಂಗಳುಗಳಲ್ಲಿ ನಮ್ಮ ಕಡೆ ಚಹಾದಂಗಡಿಯಲ್ಲೂ ವಿಮೆಯದೇ ಮಾತು. ಮನೆ ವಿಮೆ ಮಾಡಿಸಿದರೆ ಕಳ್ಳತನಕ್ಕೆ ಹೆದರಬೇಕಿಲ್ಲ ಎಂದು ನಂಬಿ ಗೃಹ ರಕ್ಷಾ ಕೊಂಡವರು ನನಗೆ ಗೊತ್ತು. ಅದರಲ್ಲಿರುವ ಕಳ್ಳತನದ ಕಲಮು ಏನು ಹೇಳುತ್ತದೆ? ಬೆಂಕಿಯೋ ನೆರೆಯೋ ಗಲಭೆಯೋ ಆಗಿ, ಅದರ ಕಾರಣದಿಂದ 7 ದಿನದೊಳಗೆ ಕಳವಾದರೆ ಮಾತ್ರ ಪರಿಹಾರ. ಸುಮ್ಮನೆ ಒಂದು ರಾತ್ರಿ ಬಾಗಿಲು ಮುರಿದು ಕದ್ದರೆ ಅದಕ್ಕೆ ಕನ್ನಕಳವಿನ ಬೇರೆ ಪಾಲಿಸಿಯೇ ಬೇಕು. ಒಡವೆಗಂತೂ ಪ್ರತ್ಯೇಕವಾಗಿ ಪಟ್ಟಿ ಕೊಟ್ಟು, ಬೆಲೆ ಒಪ್ಪಿಸಿ, ಹೆಚ್ಚಿನ ಕಂತು ಕಟ್ಟಬೇಕು. ತೊಟ್ಟಿಯ ವಿಷಯದಲ್ಲಿ ಹೇಳದೆ ಬಿಡುವವರು ಚಿನ್ನದ ವಿಷಯದಲ್ಲೂ ಹೇಳದೆ ಬಿಡುತ್ತೀರಿ, ಅಭ್ಯಾಸ ಒಂದೇ.

ಹೊನ್ನಾಳಿಗೆ ಬನ್ನಿ. ಗಾಜನೂರಿನ ತುಂಗಾ ಅಣೆಕಟ್ಟೆಯ ಗೇಟು ಎತ್ತಿದರು ಎಂಬ ಸುದ್ದಿ ಬಂದರೆ ನಮಗೆ ನಿದ್ದೆ ಬರುವುದಿಲ್ಲ. ಭದ್ರಾ ಕೂಡ ತುಂಬಿ ಬಿಟ್ಟರೆ, ಕೂಡಲಿಯಲ್ಲಿ ಎರಡೂ ಸೇರಿ ಬರುವ ನೀರು ಮೊದಲು ಬಾಲರಾಜ್ ಘಾಟ್ ಕಡೆಯ ತಗ್ಗಿನ ಮನೆಗಳ ಹೊಸಿಲು ಹುಡುಕುತ್ತದೆ. 2019ರ ಆಗಸ್ಟ್‌ನ ನೆರೆಯನ್ನು ಯಾರೂ ಮರೆತಿಲ್ಲ. ನೆರೆಯಲ್ಲಿ ಸತ್ತ ಪ್ರಾಣಿಗಳಿಗೆ ಸರ್ಕಾರ ಕೊಡುವ ಪರಿಹಾರಕ್ಕೆ ಕೇಂದ್ರದ ಮಾನದಂಡವಿದೆ. 2022ರಲ್ಲಿ ಗೊತ್ತುಮಾಡಿದ ದರದಂತೆ ಹಾಲು ಕೊಡುವ ಹಸು ಎಮ್ಮೆಗೆ 37,500 ರೂಪಾಯಿ, ಕುರಿ ಮೇಕೆಗೆ 4,000, ಕೋಳಿಗೆ 100. ಮನೆಯ ತೊಟ್ಟಿಯ ಮೀನು ಆ ಪಟ್ಟಿಯಲ್ಲಿಲ್ಲ, ಇರಬೇಕೆಂದು ನಾನೂ ಕೇಳುವುದಿಲ್ಲ. ಹೊಳೆದಂಡೆಯ ಮನೆಗೆ ವಿಮೆ ಮಾಡಿಸುವಾಗ ಈ ಲೆಕ್ಕವನ್ನೂ ಎದುರಿಗಿಟ್ಟು, ‘ಸರ್ಕಾರದಿಂದ ಇಷ್ಟು, ಪಾಲಿಸಿಯಿಂದ ಇಷ್ಟು, ಉಳಿದದ್ದು ನಿಮ್ಮ ತಲೆಮೇಲೆ’ ಎಂದು ಹೇಳಿ ಎಂದಷ್ಟೇ ಕೇಳುತ್ತೇನೆ.

ಮೀನೇ ಹೊಟ್ಟೆಪಾಡಾದವರ ಸಂಗತಿ ಬೇರೆ. ಮನೆ ಹಿಂದಿನ ಜಾಗದಲ್ಲಿ ಟಾರ್ಪಾಲಿನ ದುಂಡು ತೊಟ್ಟಿ ಕಟ್ಟಿ ಬಯೋಫ್ಲಾಕ್ ಪದ್ಧತಿಯಲ್ಲಿ ಮೀನು ಸಾಕುವವರು ನಮ್ಮ ನಡುವೆ ಇದ್ದಾರೆ. ತುಂಗಭದ್ರೆಯ ನೀರು ಎತ್ತಿ ಜಗಳೂರು ಕಡೆಯ 57 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಆ ಬರದ ಸೀಮೆಯಲ್ಲೂ ಮೀನುಮರಿ ಬಿಡುವ ಮಾತು ಕೇಳಿಬರುತ್ತದೆ. ಸೂಳೆಕೆರೆಯ ದಂಡೆಯ ಮೀನುಗಾರರಂತೂ ತಲೆಮಾರುಗಳಿಂದ ಇದ್ದವರು. ಅಲಂಕಾರಿಕ ಮೀನು ಬೆಳೆಸಿ ಮಾರುವ ಹಿತ್ತಲ ಘಟಕಗಳಿಗೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದರು. ಇವರಿಗೆಲ್ಲ ಮನೆ ವಿಮೆ ಮಾರಬೇಡಿ. ವ್ಯಾಪಾರಕ್ಕೆ ಸಾಕಿದ ಮೀನು ವಾಸದ ಮನೆಯ ಪಾಲಿಸಿಯಲ್ಲಿ ನಿಲ್ಲುವುದೇ ಇಲ್ಲ.

ಅವರಿಗೆ ಬೇಕಾದ್ದು ಮೀನು ಕೃಷಿಯ ವಿಮೆ, ಅದು ಇದೆ ಕೂಡ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಪ್ರಧಾನಮಂತ್ರಿ ಮತ್ಸ್ಯ ಕಿಸಾನ್ ಸಮೃದ್ಧಿ ಸಹ ಯೋಜನೆ’ಯಲ್ಲಿ ಈ ವಿಮೆ ಮಾಡಿಸಿದವರಿಗೆ ಕಂತಿನ ಶೇ 40ರಷ್ಟನ್ನು ಒಂದು ಬಾರಿಯ ಪ್ರೋತ್ಸಾಹಧನವಾಗಿ ಕೊಡುತ್ತಾರೆ. ಹೊಂಡಕ್ಕೆ ಹೆಕ್ಟೇರಿಗೆ 25,000 ರೂಪಾಯಿ ಮಿತಿ, ನಾಲ್ಕು ಹೆಕ್ಟೇರಿಗೆ ಒಂದು ಲಕ್ಷ. ಬಯೋಫ್ಲಾಕಿನಂಥ ತೊಟ್ಟಿ ಸಾಕಣೆಗೂ ಒಂದು ಲಕ್ಷದವರೆಗೆ ಅವಕಾಶವಿದೆ. ಪರಿಶಿಷ್ಟರಿಗೂ ಮಹಿಳೆಯರಿಗೂ ಇನ್ನು ಶೇ 10 ಹೆಚ್ಚು. ಇದಕ್ಕೆ ಮೊದಲು ರಾಷ್ಟ್ರೀಯ ಮೀನುಗಾರಿಕಾ ಡಿಜಿಟಲ್ ವೇದಿಕೆಯಲ್ಲಿ ಹೆಸರು ನೋಂದಾಯಿಸಬೇಕು. ಯೋಜನೆಯ ಅವಧಿ 2026–27ರವರೆಗೆ ಮಾತ್ರ. ಇದರಲ್ಲಿ ನಿಮಗೆ ಕಮಿಷನ್ ಎಷ್ಟು ಗಿಟ್ಟುತ್ತದೋ ನಾನು ಕೇಳುವುದಿಲ್ಲ; ಗಿಟ್ಟದಿದ್ದರೂ ಅವರನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಕಳಿಸುವಷ್ಟು ದೊಡ್ಡ ಮನಸ್ಸು ನಿಮ್ಮಲ್ಲಿದೆ ಎಂದುಕೊಂಡಿದ್ದೇನೆ.

ಅರೋವಾನದ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಏಷ್ಯಾದ ಅರೋವಾನ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಮೀನು. 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂಥ ಜೀವಿಗಳನ್ನು ಇಟ್ಟುಕೊಂಡವರು ಅದನ್ನು ವರದಿ ಮಾಡಿ ನೋಂದಾಯಿಸಬೇಕು. 2024ರಲ್ಲಿ ಅದಕ್ಕೆ ನಿಯಮಗಳೂ ಬಂದವು. ಪೇಟೆಯಲ್ಲಿ ಸಿಗುವ ಬೆಳ್ಳಿ ಅರೋವಾನ ಬೇರೆ ಜಾತಿ, ಅದಕ್ಕೆ ಈ ಗೊಡವೆಯಿಲ್ಲ. ಕೆಂಪು, ಬಂಗಾರ ಬಣ್ಣದ ಏಷ್ಯಾದ ಅರೋವಾನವನ್ನು ಲಕ್ಷಗಟ್ಟಲೆ ಕೊಟ್ಟು ತಂದವರು ನಿಮ್ಮನ್ನು ವಿಮೆ ಕೇಳಿದರೆ ಮೊದಲು ನೋಂದಣಿ ಪತ್ರ ಕೇಳಿ. ದಾಖಲೆಯಿಲ್ಲದ ಮೀನನ್ನು ವಿಮಾ ಅರ್ಜಿಯಲ್ಲಿ ಬರೆದುಕೊಟ್ಟರೆ ಅವರ ಮೇಲೆ ಅವರೇ ದೂರು ಕೊಟ್ಟುಕೊಂಡಂತೆ.

ಇನ್ನು ನಾನು ಬೇಡುವುದು.

ಮನೆಗೆ ಬಂದಾಗ ಒಂದು ಸಲ ಹಾಲಿನ ಸುತ್ತ ಕಣ್ಣಾಡಿಸಿ. ತೊಟ್ಟಿ ಕಂಡರೆ ಅದರ ಅಳತೆ, ತಂದ ವರ್ಷ, ಬೆಲೆ ಬರೆದುಕೊಂಡು, ಮೊಬೈಲಿನಲ್ಲಿ ಫೋಟೊ ತೆಗೆದು, ಸಾಮಾನಿನ ಪಟ್ಟಿಯಲ್ಲಿ ಹೆಸರು ಹಿಡಿದು ಸೇರಿಸಿ. ಮೀನಿಗೆ ವಿಮೆ ಇಲ್ಲ, ಕರೆಂಟ್ ಹೋಗಿ ಸತ್ತರೆ ಏನೂ ಬರುವುದಿಲ್ಲ, ಕೆಳಗಿನ ಮನೆಯವರ ನಷ್ಟ ಬರುವುದಿಲ್ಲ, ಬರೀ ಕಳವಾದರೆ ಬರುವುದಿಲ್ಲ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು, ನಿಮ್ಮ ಸಹಿ ಹಾಕಿ ಪಾಲಿಸಿಗೆ ಪಿನ್ ಮಾಡಿ ಕೊಡಿ. ಇದರಿಂದ ವ್ಯಾಪಾರ ಕೆಡುತ್ತದೆ ಎಂಬ ಭಯ ಬೇಡ. ಇಲ್ಲದ್ದನ್ನು ಇಲ್ಲ ಎಂದು ಮೊದಲೇ ಹೇಳಿದ ಏಜೆಂಟರ ಹತ್ತಿರವೇ ನಮ್ಮ ಜನ ಮಗನ ಬೈಕಿಗೂ ವಿಮೆ ಮಾಡಿಸುವುದು.

ಕ್ಲೇಮಿನ ದಿನ ಫೋನ್ ಎತ್ತಿ. ಸರ್ವೇಯರ್ ಬರುವ ಹೊತ್ತಿಗೆ ಆದರೆ ನೀವೂ ಬನ್ನಿ. ಒಡೆದ ಗಾಜನ್ನು ಗುಡಿಸಿ ಎಸೆಯುವ ಮೊದಲು ಫೋಟೊ ತೆಗೆಯಿರಿ ಎಂಬಷ್ಟಾದರೂ ರಾತ್ರಿಯೇ ಹೇಳಿ. ಕಂಪನಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ ಎಂಬ ದಾರಿ ತೋರಿಸಿ. ನಿಮ್ಮ ಕಂಪನಿಯ ವಿರುದ್ಧ ದಾರಿ ತೋರಿಸಿದಂತಾಗುತ್ತದೆ ಎಂಬ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ತೋರಿಸಿ. ಕಂತು ಕಟ್ಟಿದವರು ನಿಮ್ಮ ಊರಿನವರು.

ಡೆವಲಪ್‌ಮೆಂಟ್ ಆಫೀಸರರೇ, ನಿಮಗೆ ಬೇರೆ ಕೋರಿಕೆ. ಗೃಹ ರಕ್ಷಾದಲ್ಲಿ ಒಡವೆಗೆ, ಚಿತ್ರಕ್ಕೆ, ಹಳೆಯ ಕಲಾವಸ್ತುವಿಗೆ ಮೊದಲೇ ಬೆಲೆ ಒಪ್ಪಿಕೊಂಡು ರಕ್ಷಣೆ ಕೊಡುವ ಐಚ್ಛಿಕ ಸೌಲಭ್ಯ ಈಗಾಗಲೇ ಇದೆ. ಅದೇ ಕ್ರಮದಲ್ಲಿ, ಮನೆಗೆ ಬೆಂಕಿ ಬಿದ್ದಾಗ ಅಥವಾ ನೆರೆ ನುಗ್ಗಿದಾಗ ತೊಟ್ಟಿಯ ಜೊತೆಗೇ ಹೋದ ಮೀನಿಗೆ ಒಂದು ಸಣ್ಣ ಒಪ್ಪಿತ ಮೊತ್ತ, ತೊಟ್ಟಿ ಒಡೆದು ಕೆಳಮನೆಯವರಿಗಾದ ಹಾನಿಗೆ ಒಂದು ಮಿತಿಯ ಹೊಣೆಗಾರಿಕೆ ಸೇರಿಸಿದ ಒಂದು ಆ್ಯಡ್-ಆನ್ ತರಲು ನಿಮ್ಮ ಮೇಲಿನವರಿಗೆ ಬರೆಯಿರಿ. ರೋಗ, ಕರೆಂಟು, ಮುದಿತನ ಎಲ್ಲ ಬಿಟ್ಟುಬಿಡಿ. ‘ನೀರಿನ ಟ್ಯಾಂಕು’ ಎನ್ನುವಲ್ಲಿ ಮೀನಿನ ತೊಟ್ಟಿಯೂ ಸೇರಿದೆ ಎಂದು ಒಂದು ಸಾಲು ಸ್ಪಷ್ಟೀಕರಣ ತರಿಸಿದರೆ ಅರ್ಧ ಜಗಳ ಮುಗಿಯುತ್ತದೆ. ಜಿಲ್ಲಾ ಮಟ್ಟದ ಸಭೆಗಳಲ್ಲಿ ಟಾರ್ಗೆಟ್ಟಿನ ಮಾತು ಮುಗಿದ ಮೇಲೆ ಇದಕ್ಕೂ ಐದು ನಿಮಿಷ ಕೊಡಿ.

ನನ್ನ ಪಾಲಿಸಿಯ ನವೀಕರಣ ಮುಂಗಾರಿಗೆ ಮುಂಚೆ ಬರುತ್ತದೆ. ನಮ್ಮ ಮನೆಗೆ ಬರುವ ಏಜೆಂಟರಿಗೆ ವಿಶೇಷವಾಗಿ ತಿಳಿಸುವುದೇನೆಂದರೆ, ತೊಟ್ಟಿಯ ಅಳತೆ, ಫಿಲ್ಟರಿನ ರಸೀದಿ, ಫೋಟೊ ಎಲ್ಲ ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ. ಬರುವಾಗ ಮೇಲೆ ಹೇಳಿದ ಚೀಟಿ ಬರೆದು ತನ್ನಿ. ಚೆಕ್ಕು ಅಂದೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ ಹಾಗೂ ಪಾಲಿಸಿದಾರ,
ಹೊನ್ನಾಳಿ, ದಾವಣಗೆರೆ ಜಿಲ್ಲೆ